ಹೂಗುಚ್ಛ ಹಿಡಿದ ಲೈನ್‌ಬ್ಯಾಕರ್

ಮದುಮಗಳು ಕೆಲ್ಸಿ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತು ಹೂಗುಚ್ಛವನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದಳು. ಅದನ್ನು ಹಿಡಿದವಳಿಗೆ ಮುಂದಿನ ಕಂಕಣಭಾಗ್ಯ. ಚರ್ಚಿನ ಹುಲ್ಲಿನ ಮೇಲೆ ಹುಡುಗಿಯರೆಲ್ಲ ಕೈಚಾಚಿ ನಿಂತಿದ್ದರು. ಅವರಿಗೂ ಮುಂದೆ, ಗಂಡ ತೀರಿಹೋದ ವರ್ನಾ ಚಿಕ್ಕಮ್ಮ ಎತ್ತರದ ಚಪ್ಪಲಿ ಕಳಚಿಟ್ಟು ಸಜ್ಜಾಗಿದ್ದಳು. ಹೂವು ಇನ್ನೇನು ಅವಳ ಕೈಗೆ ಬಿತ್ತು ಎನ್ನುವಾಗ ಆನೆಗಾತ್ರದ ಕರಿಸೂಟೊಂದು ಗಾಳಿಯಲ್ಲಿ ಹಾರಿ ಬಂದು ಅದನ್ನು ಕಸಿದುಕೊಂಡಿತು. ಸೂಟಿನೊಳಗೆ, ಆಚೆ ಕೇಕಿನ ತಟ್ಟೆ ಹಿಡಿದು ನಿಂತಿದ್ದ ಮಾರ್ಲಿಸಳ ಗಂಡ ಡೆಲ್ ಇದ್ದ.

ಪೂರ್ತಿ ಅವನ ತಪ್ಪೆನ್ನಲಾಗದು. ಡೆಲ್ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಲೈನ್‌ಬ್ಯಾಕರ್. ಶಾಲೆಯಲ್ಲಿ, ಕಾಲೇಜಿನಲ್ಲಿ, ಆಮೇಲೆ ಹನ್ನೊಂದು ವರ್ಷ ದೊಡ್ಡ ತಂಡದಲ್ಲಿ, ಎದುರಾಳಿ ಚೆಂಡನ್ನು ಎತ್ತ ಒಯ್ಯುತ್ತಾನೆಂದು ಊಹಿಸಿ ಅವನನ್ನು ನೆಲಕ್ಕೆ ಕೆಡವುವುದೇ ಅವನ ಉದ್ಯೋಗ. ಕೆಡವಿದವರಿಗೆ ಲೆಕ್ಕವಿಲ್ಲ. ಆದರೆ ಎದುರಾಳಿ ಎಸೆದ ಚೆಂಡನ್ನು ನಡುವೆ ಹಾರಿ ಹಿಡಿಯುವ ಭಾಗ್ಯ ಒಮ್ಮೆಯೂ ಬರಲಿಲ್ಲ. ಒಂದು ಫೈನಲ್‌ನಲ್ಲಿ ಅಂಗೈಗೆ ಬಂದದ್ದು ಜಾರಿಹೋಗಿತ್ತು. ಅಂದಿನಿಂದ ನಿದ್ದೆಗಣ್ಣಲ್ಲೂ ದಿಂಬನ್ನು ಎದೆಗೆ ಅವುಚಿಕೊಳ್ಳುತ್ತಿದ್ದ. ದಿಂಬು ಸಿಗದಿದ್ದರೆ ಮಾರ್ಲಿಸಳನ್ನು.

ಈಗ ಮೊಣಕಾಲಿಗೆ ಎರಡು ಸಲ ವೈದ್ಯರ ಕತ್ತರಿ ಬಿದ್ದಿದೆ. ಬೆರಳುಗಳು ಮದುವೆಯುಂಗುರ ಏರದಷ್ಟು ಸೊಟ್ಟಗಾಗಿವೆ. ಆದರೂ ತಂಡದವರು ಇನ್ನೊಂದು ವರ್ಷ ಆಡು ಎಂದಿದ್ದಾರೆ, ಸೋಮವಾರ ಉತ್ತರ ಕೊಡಬೇಕು. ಬೇಡ ಎನ್ನಲಿ ಎಂದು ಮಾರ್ಲಿಸ್ ಚಳಿಗಾಲದಿಂದ ಪ್ರಾರ್ಥಿಸುತ್ತಿದ್ದಳು, ಬಾಯಿಬಿಟ್ಟು ಮಾತ್ರ ಹೇಳಿರಲಿಲ್ಲ. ಹೇಳಿದರೆ ಆ ಮಾತು ಬದುಕಿಡೀ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಕೂತುಬಿಡುತ್ತದೆಂದು ಅವಳಿಗೆ ಗೊತ್ತಿತ್ತು.

ಡೆಲ್ ಕೈಯಲ್ಲಿದ್ದುದನ್ನು ಒಮ್ಮೆ ನೋಡಿದ. ನೆರೆದವರನ್ನು ನೋಡಿದ. ಆಮೇಲೆ ಹೂಗುಚ್ಛವನ್ನು ಪಕ್ಕೆಗೆ ಒತ್ತಿಕೊಂಡು ಮೆಕ್ಕೆಜೋಳದ ಹೊಲದತ್ತ ಓಟ ಕಿತ್ತ.

"ಲೋ ಡೆಲ್, ನಿನಗೆ ಆಗ್ಲೇ ಒಬ್ಳು ಇದಾಳಲ್ಲೋ, ಕೊಡೋ ಇತ್ತ," ಎಂದು ವರ್ನಾ ಚಿಕ್ಕಮ್ಮ ಬರಿಗಾಲಲ್ಲೇ ಬೆನ್ನಟ್ಟಿದಳು. ಹುಡುಗಿಯರು ಅವಳ ಹಿಂದೆ. ತಡೆಯಬೇಕಾದ ಗಂಡಸರು ದಾರಿ ಬಿಟ್ಟುಕೊಟ್ಟು ಶಿಳ್ಳೆ ಹೊಡೆದರು. ಪಾದ್ರಿಗಳಂತೂ, ಆಟಗಾರ ಗೆರೆ ದಾಟಿದ ತಕ್ಷಣ ಎರಡೂ ತೋಳೆತ್ತಿ ಅಂಕ ಸಾರುವ ರೆಫ್ರಿಯ ಹಾಗೆ, ಹೊಲದ ಬೇಲಿಯ ಬಳಿ ಹೋಗಿ ನಿಂತೇಬಿಟ್ಟರು.

ಮಾರ್ಲಿಸಳಿಗೆ ಕಂಡದ್ದು ಆ ಮೊಣಕಾಲೊಂದೇ. ಕೇಕಿನ ತಟ್ಟೆ ಕೆಳಗಿಟ್ಟು, ಉಡುಪನ್ನು ತೊಡೆಯವರೆಗೆ ಎತ್ತಿ ಹಿಡಿದು ಅವಳೂ ಓಡಿದಳು, ಎಲ್ಲರ ಹಾಗೆ ಅವನ ಹಿಂದೆ ಅಲ್ಲ, ಅಡ್ಡಹಾಯ್ದು ಸೇಬಿನ ಮರದ ಕಡೆಗೆ. ಅವನ ಎಡಭುಜ ತುಸು ತಗ್ಗಿತ್ತು. ಎಡಭುಜ ತಗ್ಗಿದರೆ ಡೆಲ್ ಬಲಕ್ಕೆ ತಿರುಗುತ್ತಾನೆ; ಯಾವ ಕೋಚೂ ಅವಳನ್ನು ಈ ವಿಷಯ ಕೇಳಿರಲಿಲ್ಲ. ಅವನು ತಿರುಗಿದ. ಅವಳು ಕಣ್ಮುಚ್ಚಿ ಅವನ ಸೊಂಟಕ್ಕೆ ಹಾರಿದಳು.

ಇಬ್ಬರೂ ಧೊಪ್ಪನೆ ಬಿದ್ದರು. ಬೇಲಿಯ ಬಳಿ ಪಾದ್ರಿಗಳು ಅರ್ಧ ಎತ್ತಿದ್ದ ತೋಳನ್ನು ಪೆಚ್ಚಾಗಿ ಇಳಿಸಿದರು.

"ಮೊಣಕಾಲು?" ಎಂದಳು ಮಾರ್ಲಿಸ್.

"ಏನೂ ಆಗಿಲ್ಲ," ಎಂದ ಡೆಲ್, ಮುಖವನ್ನು ಹುಲ್ಲಿನಿಂದ ಎತ್ತುತ್ತಾ. "ನಾನು ಬಲಕ್ಕೆ ತಿರುಗ್ತೀನಿ ಅಂತ ನಿನಗೆ ಹೇಗೆ ಗೊತ್ತಾಯ್ತೇ?"

"ಊರೆಲ್ಲ ಚೆಂಡು ನೋಡ್ತಿತ್ತು ಕಣೋ. ನಾನು ನಿನ್ನನ್ನ ನೋಡ್ತಿದ್ದೆ."

ಅಷ್ಟರಲ್ಲಿ ವರ್ನಾ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದು ಅವನ ಕಂಕುಳಿನಿಂದ ಹೂಗುಚ್ಛವನ್ನು ಎಳೆದುಕೊಂಡಳು. ಒಂದು ಗುಲಾಬಿ ಮಾತ್ರ ನೆಟ್ಟಗಿತ್ತು. ತನ್ನ ವಯಸ್ಸಿಗೆ ಅಷ್ಟೇ ಸಾಕೆಂದು ಅದನ್ನು ಮುಡಿದು ಹೊರಟಳು.

ಡೆಲ್ ಅಂಗಾತ ಹೊರಳಿ ಬಾಯಿಂದ ಹುಲ್ಲು ಉಗುಳಿದ. "ಆಯ್ತು ಬಿಡು, ಸೋಮವಾರ ಫೋನ್ ಮಾಡಿ ಆಡಲ್ಲ ಅಂತೀನಿ," ಎಂದ. "ಕಟ್ಕೊಂಡ ಹೆಂಡ್ತಿನೇ ಕೆಡವೋ ಹಾಗಾದ್ಮೇಲೆ ಇನ್ನೆಂಥ ಆಟ?"

ಚಳಿಗಾಲದಿಂದ ಅವಳು ಕಾದಿದ್ದ ಮಾತು. ಆದರೆ ಮಾರ್ಲಿಸಳ ಅಂಗೈ ಉರಿಯುತ್ತಿತ್ತು, ಕಿವಿಯಲ್ಲಿ ರಕ್ತ ಗುಂಯ್‌ಗುಡುತ್ತಿತ್ತು, ಎದೆ ನಗಾರಿಯಾಗಿತ್ತು. ಹುಟ್ಟಿದಾಗಿನಿಂದ ಅವಳು ಯಾರನ್ನೂ ಕೆಡವಿರಲಿಲ್ಲ. ಎದ್ದು ನಿಂತು ಉಡುಪಿನ ಅಂಚನ್ನು ಮೊಣಕಾಲ ಮೇಲೆ ಬಿಗಿಯಾಗಿ ಗಂಟುಹಾಕಿಕೊಂಡಳು.

"ಸೋಮವಾರದ್ದು ಸೋಮವಾರಕ್ಕೆ," ಎಂದಳು. "ಏಳು, ಇನ್ನೊಂದು ಸಲ ಓಡು."