ಮೊದಲ ತುತ್ತು

ನೇಲ್ಚೆ ತೊಟ್ಟಿಯಲ್ಲಿದ್ದ ಕಪ್ಪೆಚಿಪ್ಪುಗಳನ್ನು ಒಂದೊಂದಾಗಿ ಎತ್ತಿ, ಅಂಟಿಕೊಂಡ ನಾರನ್ನು ಕಿತ್ತು, ಬಾಯಿ ಬಿಟ್ಟಿದ್ದವನ್ನು ತೊಟ್ಟಿಯ ಅಂಚಿಗೆ ಕುಟ್ಟುತ್ತಿದ್ದಳು. ಕುಟ್ಟಿದಾಗ ಬಾಯಿ ಮುಚ್ಚಿಕೊಂಡರೆ ಜೀವವಿದೆ, ಅದು ಪಾತ್ರೆಗೆ. ಮುಚ್ಚದಿದ್ದರೆ ಸತ್ತದ್ದು, ತಿಂದರೆ ವಿಷ, ಅದು ಕಸದ ಬುಟ್ಟಿಗೆ. ಗಂಡ ಕ್ರೈನ್ ಮೇಜಿನ ಬಳಿ ಕೂತು ನೋಡುತ್ತಿದ್ದ.

ಕಪ್ಪೆಚಿಪ್ಪುಗಳನ್ನು ಬಕೆಟ್‌ನಲ್ಲಿ ತಂದವನು ಕ್ರೈನ್‌ನ ತಮ್ಮ ಮಾರಿನಸ್. ದೋಣಿಯಿಂದ ಸೀದಾ ಬಂದಿದ್ದ. ಅತ್ತಿಗೆ ಬೆನ್ನು ತಿರುಗಿಸಿದ್ದೇ ತಡ, ಬುಟ್ಟಿಯಿಂದ ಒಂದು ಹಿಡಿ ಎತ್ತಿ ಪಾತ್ರೆಗೆ ಸುರಿದ.

“ಎಸೀತೀಯಲ್ಲ ಅತ್ತಿಗೆ, ಇವು ನಿದ್ದೆ ಮಾಡ್ತಿವೆ ಅಷ್ಟೆ. ನಮ್ಮಪ್ಪ ಒಂದನ್ನೂ ಎಸೀತಿರ್ಲಿಲ್ಲ.”

ಕಣ್ಣಿಗೆ ಬಿದ್ದವನ್ನು ನೇಲ್ಚೆ ಮತ್ತೆ ಹೊರಗೆ ತೆಗೆದಳು. ಉಳಿದವು ಪಾತ್ರೆಯಲ್ಲಿದ್ದ ಬೇರೆಯವುಗಳ ಹಾಗೆಯೇ ಕಪ್ಪಗಿದ್ದು ಗುರುತು ಸಿಗಲಿಲ್ಲ. ಜಗಳವಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಒಲೆ ಹೊತ್ತಿಸಿದಳು.

ವಸಂತದಲ್ಲಿ ಆಸ್ಪತ್ರೆಯವರು ಕ್ರೈನ್‌ನ ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿದಿದ್ದರು. ವರ್ಷಗಟ್ಟಲೆ ಕಾಡಿದ ಎದೆಯುರಿ ನಿಂತಿತು. ವಾಂತಿಯ ದಾರಿಯೂ ಮುಚ್ಚಿತು. ಕೆಟ್ಟದ್ದೇನಾದರೂ ತಿಂದು ಓಕರಿಸಿದರೆ ಹೊರಗೆ ಏನೂ ಬರುವುದಿಲ್ಲ, ಹೊಲಿಗೆ ಮಾತ್ರ ಕಿತ್ತುಹೋಗಬಹುದು ಎಂದಿದ್ದರು ಡಾಕ್ಟರು. ಅಂದಿನಿಂದ ನೇಲ್ಚೆ ತಾನೇ ಒಂದು ನಿಯಮ ಮಾಡಿಕೊಂಡಿದ್ದಳು. ಮಧ್ಯಾಹ್ನ ಅವಳು ತಿನ್ನುವುದು. ಸಂಜೆಯವರೆಗೆ ಅವಳಿಗೆ ಏನೂ ಆಗದಿದ್ದರೆ ಅವನಿಗೆ ಬಡಿಸುವುದು.

“ನಮ್ಮಣ್ಣ ರಾಜ ಆಗ್ಬಿಟ್ಟ ನೋಡು,” ಎಂದ ಮಾರಿನಸ್, ಮಧ್ಯಾಹ್ನ ಅತ್ತಿಗೆಯ ಜೊತೆ ಊಟಕ್ಕೆ ಕೂತು ಚಿಪ್ಪು ಬಿಡಿಸುತ್ತಾ. “ವಿಷ ಇದೆಯಾ ಅಂತ ನೋಡೋಕೆ ಹೆಂಡ್ತಿ!”

“ಸುಮ್ನಿರೋ,” ಎಂದ ಕ್ರೈನ್. “ಹೇಗಿದೆ ನೇಲ್ಚೆ?”

“ಗೊತ್ತಿಲ್ಲ. ಸಂಜೆ ಹೇಳ್ತೀನಿ.”

ಈಗೀಗ ಅವಳಿಗೆ ರುಚಿಯೇ ತಿಳಿಯುತ್ತಿರಲಿಲ್ಲ. ನುಂಗಿ, ಹೊಟ್ಟೆ ಏನು ಹೇಳುತ್ತದೋ ಎಂದು ಕಾಯುತ್ತಿದ್ದಳು ಅಷ್ಟೆ. ಎದ್ದು, ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಲಿಗೆ ಹೋದಳು.

ಮಾರಿನಸ್ ಖಾಲಿ ಚಿಪ್ಪೊಂದನ್ನು ಚಿಮುಟದ ಹಾಗೆ ಹಿಡಿದು, ಇನ್ನೊಂದರೊಳಗಿನ ಕಿತ್ತಳೆ ಬಣ್ಣದ ತಿರುಳನ್ನು ಎಳೆದು ಅಣ್ಣನ ಮೂಗಿನ ಕೆಳಗೆ ಆಡಿಸಿದ.

“ಈ ವರ್ಷದ್ದು ಇದೇ ಮೊದಲು. ಬೇಡ್ವಾ?”

“ಅವಳು ನೋಡಿದ್ರೆ ಕಷ್ಟ ಕಣೋ.”

ಕಿಟಕಿಯಾಚೆ ಒದ್ದೆ ಹೊದಿಕೆಗಳು ಗಾಳಿಗೆ ಉಬ್ಬಿ ಅವಳನ್ನು ಮರೆಮಾಡಿದ್ದವು. ಕ್ರೈನ್ ಬಾಯಿ ತೆರೆದ. ಆಮೇಲೆ ಚಿಪ್ಪಿನ ಚಿಮುಟವನ್ನು ತಾನೇ ಇಸಿದುಕೊಂಡ. ಕೊನೆಗೆ ಪಾತ್ರೆಯ ಉಪ್ಪುನೀರನ್ನೂ ಒಂದೆರಡು ಚಮಚ ಗೋರಿ ಕುಡಿದ. ತಿಂದ ಚಿಪ್ಪುಗಳನ್ನೆಲ್ಲ ತಮ್ಮನ ತಟ್ಟೆಗೆ ಹಾಕಿ ಕೈ ತೊಳೆದುಕೊಂಡ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತ್ತು. ಮಾರಿನಸ್ ಅವನ ಬೆನ್ನು ತಟ್ಟಿ ದೋಣಿಗೆ ಹೊರಟ.

ಸಂಜೆ ಆಲೂಗಡ್ಡೆ ಹೆಚ್ಚುತ್ತಿದ್ದ ನೇಲ್ಚೆ ಚಾಕುವನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು.

“ಬಾಗಿಲು ತೆಗಿ ನೇಲ್ಚೆ. ತಲೆ ಹಿಡ್ಕೋತೀನಿ.”

“ಬರ್ಬೇಡ! ಅಂಟೋ ಅಂಥದ್ದಾಗಿದ್ರೆ? ದೂರ ಹೋಗು.”

ಮತ್ತೆ ವಾಂತಿ. ಮತ್ತೆ ನಲ್ಲಿಯ ಸದ್ದು. ಆಮೇಲೆ ಅವಳ ದನಿ ಕೇಳಿತು. ಸೋತಿತ್ತು, ಆದರೂ ಅದರಲ್ಲಿ ಏನೋ ನೆಮ್ಮದಿಯಿತ್ತು. “ನನಗೇ ಬಂತಲ್ಲ, ಒಳ್ಳೇದಾಯ್ತು. ಆ ಪಾತ್ರೆ ಹಾಗೇ ಚೆಲ್ಲಿಬಿಡು.”

ಕ್ರೈನ್ ಗೋಡೆಗೆ ಒರಗಿ ಕೆಳಗೆ ಕುಸಿದ. ಬಾಯಿ ತುಂಬ ನೀರೂರಿತು. ಹೊಟ್ಟೆ ಒಮ್ಮೆ ಮೇಲಕ್ಕೆ ಒದ್ದಿತು, ಏನೂ ಬರಲಿಲ್ಲ. ಇನ್ನೊಮ್ಮೆ ಒದ್ದಿತು. ಸದ್ದು ಒಳಗೆ ಕೇಳಿಸದಿರಲೆಂದು ಅವನು ಟವೆಲನ್ನು ಬಾಯಿಗೆ ತುರುಕಿಕೊಂಡ.

ಒಳಗೆ ನಲ್ಲಿ ನಿಂತಿತು.

“ಕ್ರೈನ್? ನೀನು ಮುಟ್ಟಿಲ್ಲ ತಾನೇ? ಮುಟ್ಟಿಲ್ಲ ಅಂತ ಒಂದ್ಸಲ ಹೇಳ್ಬಿಡು.”