ಬಾವಿಕಟ್ಟೆ ಮರ

"ಸಂಜೆ ಐದರೊಳಗೆ ಹೆಡ್ಡಾಫೀಸಿಗೆ ಫ್ಯಾಕ್ಸ್ ಹೋಗ್ಬೇಕು ಕಣಮ್ಮ. ಸಿ-ನೋ ಫೋರ್ಟ್ರಾನೋ, ಒಂದು ಹೇಳ್ಬಿಡು," ಎಂದರು ಷಡಕ್ಷರಪ್ಪ. ಜಾವಗಲ್ ರಸ್ತೆಯ ತೆಂಗಿನ ಸಂಶೋಧನಾ ತೋಟದ ಮುಖ್ಯಸ್ಥರು ಅವರು. ಇಳುವರಿ ಅಂದಾಜು ಮಾಡುವ ಪ್ರೋಗ್ರಾಮ್ ಈ ಎರಡು ಕಂಪ್ಯೂಟರ್ ಭಾಷೆಗಳಲ್ಲಿ ಯಾವುದರಲ್ಲಿರಬೇಕೆಂಬುದು ಪ್ರಶ್ನೆ.

ಪ್ರೋಗ್ರಾಮ್ ಬರೆಯಲು ಸೇರಿದ್ದ ಮಾಲಿನಿಯ ನಾಲಿಗೆಯ ತುದಿಯಲ್ಲೇ ಸಿ ಎಂಬ ಉತ್ತರವಿತ್ತು. ಎಲ್ಲವನ್ನೂ ಸಿ-ಯಲ್ಲಿ ಹೊಸದಾಗಿ ಬರೆಯುವುದೆಂದರೆ ಅವಳ ಟೆಂಪರರಿ ಕೆಲಸ ಇನ್ನೊಂದು ವರ್ಷ ಉಳಿದಂತೆ. ಭೀಮರಾಜ್ ಎಂಬವರು ಹದಿನೈದು ವರ್ಷದ ಹಿಂದೆ ಬರೆದಿಟ್ಟುಹೋದ ಫೋರ್ಟ್ರಾನ್ ಲೆಕ್ಕವನ್ನೇ ಉಳಿಸಿಕೊಂಡು, ಪರದೆಯ ಮೇಲಷ್ಟೇ ಕನ್ನಡದ ಕಿಟಕಿ ಕೂರಿಸಿದರೆ ಮೂರು ತಿಂಗಳಿಗೆ ಮುಗಿಯಿತು. ಮತ್ತೆ ಮನೆ. ಹೆಣ್ಣು ನೋಡಲು ಬಂದವರ ಮುಂದೆ ಮತ್ತೆ ಉಪ್ಪಿಟ್ಟಿನ ತಟ್ಟೆ.

ಪರೀಕ್ಷೆಗೆಂದು ಅವಳು ಸಿ-ಯಲ್ಲಿ ಬರೆದಿದ್ದ ತುಣುಕಿನ ಪ್ರಿಂಟು ಮೇಜಿನ ಮೇಲಿತ್ತು. ಇಪ್ಪತ್ತು ವರ್ಷದಿಂದ ತೋಟದಲ್ಲಿ ಕಾಯಿ ಎಣಿಸುವ ಮುದ್ದಮ್ಮ ಬಾಗಿಲಲ್ಲಿ ಕೂತಿದ್ದಳು. "ಅದೇನ್ ಬಂದೈತೆ, ವಸಿ ಓದವ್ವ."

"ಮೊದಲನೇ ಮರ, ನಲವತ್ತೊಂದು ಕಾಯಿ..."

"ತಡೀ ತಡೀ. ಅದು ಬೇಲಿ ಪಕ್ಕದ್ದು. ಬಾವಿಕಟ್ಟೆದು ಎಲ್ಲೋಯ್ತು? ನಾನು ಶುರು ಮಾಡೋದೇ ಅಲ್ಲಿಂದ. ಅದ್ನ ಮುಟ್ಟಿ ಒಂದು ಅನ್ನಕಿಲ್ಲ, 'ಲಾಭ' ಅಂತೀನಿ. ಆಮ್ಯಾಕೆ ಎರಡು, ಮೂರು. ನುಸಿ ಬಂದು ತೋಟಾನೆಲ್ಲ ತಿಂದಾಗ್ಲೂ ನೂರು ಕಾಯಿ ಬಿಟ್ಟಿದ್ದು ಅದೊಂದೇ ಕಣವ್ವ!"

ಮಾಲಿನಿ ಪ್ರಿಂಟಿನ ಮೊದಲ ಸಾಲಿಗೆ ಬೆರಳಿಟ್ಟಳು. ಫೋರ್ಟ್ರಾನ್ ಒಂದರಿಂದ ಎಣಿಸುತ್ತದೆ, ಸಿ ಸೊನ್ನೆಯಿಂದ. ಲೆಕ್ಕವನ್ನು ಅದರಿಂದ ಇದಕ್ಕೆ ಇಳಿಸುವಾಗ ಇಲ್ಲೂ ಒಂದರಿಂದಲೇ ಶುರುಮಾಡಿ, ಸೊನ್ನೆಯ ಮನೆಯಲ್ಲಿ ಕೂತಿದ್ದ ಮೊದಲ ಮರವನ್ನು ಅವಳು ದಾಟಿಹೋಗಿದ್ದಳು. ಕಂಪ್ಯೂಟರು ತಪ್ಪು ಎನ್ನಲಿಲ್ಲ; ಸರಾಸರಿಯೂ ನಂಬುವಂತೆಯೇ ಇತ್ತು. ಸರಿಪಡಿಸಲು ಒಂದು ನಿಮಿಷ ಸಾಕು. ಆದರೆ ಭೀಮರಾಜರ ಲೆಕ್ಕ ನಾಲ್ಕು ಸಾವಿರ ಸಾಲು. ಮುದ್ದಮ್ಮನ ಕಿವಿಗೆ ಬೀಳದ ಜಾಗದಲ್ಲಿ ಇನ್ನೇನೇನು ಬಿಟ್ಟುಹೋದೀತು?

"ಫೋರ್ಟ್ರಾನೇ ಇರ್ಲಿ ಸರ್. ಕಿಟಕಿ ಮಾತ್ರ ಹೊಸದು ಮಾಡ್ತೀನಿ." ಮಾಲಿನಿ ಷಡಕ್ಷರಪ್ಪನವರತ್ತ ತಿರುಗಿ ಹೇಳಿದಳು.

ಷಡಕ್ಷರಪ್ಪ ಕನ್ನಡಕ ತೆಗೆದರು. "ಹಂಗಾದ್ರೆ ಯುಗಾದಿಗೆ ನಿನ್ ಕೆಲಸದ ಆರ್ಡರ್ ಮುಗಿಯುತ್ತೆ. ಯೋಚ್ನೆ ಮಾಡ್ದ್ಯಾ?"

"ಮಾಡ್ದೆ ಸರ್."

ಮರುದಿನ ಬೆಳಿಗ್ಗೆ ಮುದ್ದಮ್ಮ ಬಾವಿಕಟ್ಟೆ ಮರದ ಮೇಲೆ ಅಂಗೈ ಇಟ್ಟು "ಲಾಭ" ಎಂದಳು. ಮಾಲಿನಿ ಎಣಿಕೆ ಪುಸ್ತಕದ ಮೊದಲ ಸಾಲಿನಲ್ಲಿ ಒಂದು ಎಂದು ಬರೆದಳು.

"ಬರೋ ವರ್ಸ ಯಾರವ್ವ ಬರ್ಕಳೋರು?"

ಮಾಲಿನಿ ತಾನು ಬರೆದಿದ್ದ ಒಂದರ ಮೇಲೆ ಮತ್ತೊಮ್ಮೆ ಪೆನ್ನು ಆಡಿಸಿ ದಪ್ಪ ಮಾಡಿದಳು.