ನಾಲ್ಕು ತಿಂಗಳು ಸೊಪ್ಪು

ಕೋಳಿ ತಿಂದ ಕೈಯನ್ನು ಸೊಸೆ ಬೀದಿಯ ನಲ್ಲಿಯಲ್ಲಿ ಮೂರು ಸಲ ತೊಳೆದಿದ್ದಳು. ಆದರೂ ಬಾಗಿಲು ತೆರೆದ ಅತ್ತೆಯನ್ನು ಕಂಡದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಕೈಯನ್ನು ಬೆನ್ನ ಹಿಂದೆ ಸರಿಸಿದಳು.

ಅತ್ತೆ ಅದನ್ನು ನೋಡಿದಳು.

"ಕೈ ತೊಳ್ಕೊಂಡು ಊಟಕ್ಕೆ ಬಾ," ಎಂದಳು. "ಚೆನ್ನಾಗಿ ತೊಳ್ಕೋ."

ಅಂದರೆ ಗೊತ್ತಾಗಿದೆ. ಗೊತ್ತಾಗದೆ ಇರುತ್ತದೆಯೇ? ಮೀನಿನ ಗೋದಾಮಿನಲ್ಲಿ ಮೂವತ್ತು ವರ್ಷ ಪೆಟ್ಟಿಗೆ ಪೆಟ್ಟಿಗೆ ಮೂಸಿ, ಇದು ಒಳಗೆ, ಇದು ತಿಪ್ಪೆಗೆ ಎಂದು ತೀರ್ಪು ಕೊಟ್ಟ ಹೆಂಗಸು. ಬೀದಿಯವರು ಬೆನ್ನ ಹಿಂದೆ ನಾಯಿಮೂಗಿ ಎನ್ನುತ್ತಿದ್ದರು, ಎದುರಿಗೆ ಹಾಲು ಮೊಸರು ಹಿಡಿದು ಅಭಿಪ್ರಾಯ ಕೇಳುತ್ತಿದ್ದರು. ಈಚೆಗೆ ಅವಳ ದರ್ಪ ಇನ್ನೂ ಏರಿತ್ತು. ಮೊನ್ನೆ ಪಕ್ಕದ ಮನೆಯಾಕೆ ಹಾಲು ತಂದರೆ, "ನಾನೇನು ನಿಮ್ಮ ಮನೆ ನಾಯಿಯಾ?" ಎಂದು ಅಟ್ಟಿಬಿಟ್ಟಳು.

ಸೊಸೆ ಕದ್ದು ಕೋಳಿ ತಿಂದದ್ದು ಇದು ಮೂರನೆಯ ಸಲ. ಮೂರು ಸಲವೂ ಅತ್ತೆ ಜಗಳವಾಡಲಿಲ್ಲ. ಕೂಡಿಡುತ್ತಿದ್ದಾಳೆ, ಒಂದು ದಿನ ಮಗನ ಮುಂದೆ ಒಟ್ಟಿಗೆ ಸುರಿಯುತ್ತಾಳೆ ಎಂದು ಸೊಸೆಗೆ ಖಾತ್ರಿಯಾಗಿತ್ತು.

ನಾಲ್ಕು ತಿಂಗಳ ಹಿಂದೆ ಈ ಮನೆಯಲ್ಲಿ ಮೀನು, ಮಾಂಸ ಇಲ್ಲದ ರಾತ್ರಿಯೂಟವೇ ಇರಲಿಲ್ಲ. ಅತ್ತೆ ಹತ್ತು ದಿನ ಜ್ವರದಲ್ಲಿ ಮಲಗಿ ಎದ್ದ ಮೇಲಿನ ಮೊದಲ ಭಾನುವಾರ ತಾನೇ ಪೇಟೆಗೆ ಹೋಗಿ ಕುರಿ ಮಾಂಸ ತಂದಳು, ತಾನೇ ಬೇಯಿಸಿದಳು. ನಾಲಿಗೆಗೆ ರುಚಿಸುತ್ತಿಲ್ಲವೆಂದು ತಾನು ತುತ್ತೂ ಮುಟ್ಟದೆ ಮಗನಿಗೆ ಒತ್ತಾಯ ಮಾಡಿ ಬಡಿಸಿದಳು. ಹೊಲಿಗೆ ಅಂಗಡಿಯಲ್ಲಿ ಕಾಜ ಹಾಕುವ ಸೊಸೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಗಂಡ ವಾಂತಿ ಭೇದಿಯಾಗಿ ಆಸ್ಪತ್ರೆಯಲ್ಲಿದ್ದ. ಮೂರು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದು ಬದುಕಿ ಬಂದ.

"ಮಾಂಸ ನಾನೇ ಮೂಸಿ ನೋಡಿ ತಂದಿದ್ದು," ಎಂದಳು ಅತ್ತೆ, ನೋಡಲು ಬಂದ ನೆಂಟರ ಮುಂದೆ. "ಇವಳು ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ."

ಆ ಮೂಗಿನ ಮುಂದೆ ಯಾರ ಮಾತು ನಡೆದೀತು? ಅಂದಿನಿಂದ ಸೊಸೆ ಒಲೆಯ ಹತ್ತಿರ ಸುಳಿಯುವಂತಿಲ್ಲ, ಮನೆಯಲ್ಲಿ ಮಾಂಸ ಬೇಯುವಂತಿಲ್ಲ. ಸೊಪ್ಪು, ತರಕಾರಿ, ಮತ್ತೆ ಸೊಪ್ಪು. ಸೊಸೆ ತಂದ ಕಟ್ಟನ್ನು ಅತ್ತೆ ಕನ್ನಡಕ ಏರಿಸಿ ಒಂದೊಂದು ಎಲೆಯಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ವಿಷ ಹಾಕಿ ತಂದಿದ್ದಾಳೇನೋ ಎಂಬ ಹಾಗೆ. ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

ಆ ರಾತ್ರಿಯೂ ಸೊಪ್ಪಿಗೆ ಬಾಯಿ ಸುಡುವಷ್ಟು ಖಾರ ಬಿದ್ದಿತ್ತು. ಬಸ್ ಓಡಿಸಿ ದಣಿದು ಬಂದಿದ್ದ ಗಂಡ ನೀರು ಕುಡಿಯುತ್ತ ತಿಂದ. ಸೊಸೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು.

"ಯಾಕೆ, ಹೊರಗೇ ಹೊಟ್ಟೆ ತುಂಬಿಸ್ಕೊಂಡು ಬಂದ್ಯಾ?" ಅತ್ತೆ ಕೇಳಿದಳು.

ಸೊಸೆ ತಟ್ಟೆ ನೂಕಿ ಎದ್ದಳು. ಕೋಣೆಗೆ ಬಂದ ಗಂಡನಿಗೆ ನೇರವಾಗಿ ಹೇಳಿದಳು: "ಎರಡು ರೂಮಿನ ಮನೆ ನೋಡಿದ್ದೀನಿ. ನಾಳೆ ಬೀಗದ ಕೈ ಕೊಡ್ತಾರೆ. ಪಾತ್ರೆದು ತಪ್ಪಲ್ಲ ಅಂತ ನಿಮ್ಮಮ್ಮ ಒಂದು ಸಾರಿ ಬಾಯಿಬಿಟ್ಟು ಹೇಳ್ಲಿ, ಸಾಯೋವರೆಗೂ ಇಲ್ಲೇ ಇರ್ತೀನಿ."

"ಅಮ್ಮ ತಪ್ಪು ಒಪ್ಕೊಳ್ಳೋದಾ? ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಮೇಲೆ," ಎಂದ ಗಂಡ. ಅಂಗಿ ಕಳಚಿ ಗೂಟಕ್ಕೆ ಹಾಕುತ್ತ, "ಆಯ್ತು, ಹೋಗೋಣ," ಎಂದ.

ಮರುದಿನ ಸಂಜೆ ಸೊಸೆ ಬೇಗ ಬಂದಳು. ಗಂಡ ಬರುವ ಮೊದಲೇ ಅತ್ತೆಯ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಬಾಗಿಲು ನೂಕಿದವಳ ಮೂಗಿಗೆ ನಾತ ಹೊಡೆಯಿತು. ಗ್ಯಾಸು. ಮನೆಯೆಲ್ಲ ಗ್ಯಾಸು.

ಅಡುಗೆಮನೆಯಲ್ಲಿ ನೀರು ಉಕ್ಕಿ ಒಲೆ ಆರಿತ್ತು. ಹಿತ್ತಲಿನಿಂದ ಒಣಗಿದ ಬಟ್ಟೆ ತೆಗೆದುಕೊಂಡು ಆಗಷ್ಟೇ ಒಳಗೆ ಬಂದ ಅತ್ತೆ, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಲೈಟರ್ ಎತ್ತಿಕೊಂಡು ಒಲೆಯ ಮುಂದೆ ಬಾಗಿದ್ದಳು.

ಸೊಸೆ ಹಾರಿ ಬಿದ್ದು ಆ ಕೈಗೆ ಹೊಡೆದಳು. ಲೈಟರ್ ಮೂಲೆಗೆ ಹೋಯಿತು, ಅತ್ತೆ ನೆಲಕ್ಕೆ ಕುಸಿದಳು. ಸೊಸೆ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ದೂಡಿ ತೆರೆದು, ಕೆಮ್ಮುತ್ತ ಗೋಡೆಗೆ ಒರಗಿದಳು.

"ನನ್ನ ಮೇಲೇ ಕೈ ಮಾಡ್ತೀಯಾ?" ಅತ್ತೆ ಕಿರುಚಿದಳು. "ಬರ್ಲಿ ನನ್ನ ಮಗ! ಇವತ್ತೇ ನಿನ್ನ ಹೊರಗೆ ಹಾಕಿಸ್ತೀನಿ!"

"ಗ್ಯಾಸು ಅತ್ತೆ! ಮನೆ ತುಂಬ ಗ್ಯಾಸು! ಉಸಿರಾಡೋಕಾಗ್ತಿಲ್ಲ!"

"ಯಾವ ಗ್ಯಾಸು?"

ಕೇಳಿದ ಮೇಲೆ ಅತ್ತೆಯ ಬಾಯಿ ಹಾಗೇ ತೆರೆದು ನಿಂತಿತು. ಮೂಗರಳಿಸಿದಳು. ಇನ್ನೊಂದು ಸಲ ಜೋರಾಗಿ ಎಳೆದುಕೊಂಡಳು. ಸೊಸೆಯ ಕಣ್ಣಿಂದ ಕೆಮ್ಮಿಗೆ ನೀರು ಸುರಿಯುತ್ತಿತ್ತು. ಅವಳು ಅತ್ತೆಯನ್ನೇ ನೋಡುತ್ತ ಮೆಲ್ಲಗೆ ನೆಲಕ್ಕೆ ಕೂತಳು. ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿತ್ತು.

"ಯಾವಾಗಿಂದ?"

ಅತ್ತೆ ಮುಖ ತಿರುಗಿಸಿದಳು. "ಜ್ವರ ಬಂದಾಗಿಂದ."

"ಮತ್ತೆ ಆವತ್ತಿನ ಮಾಂಸ?"

"ಮೂಗು ಹತ್ರ ಹಿಡಿದು ನೋಡ್ದೆ. ಏನೂ ಬರ್ಲಿಲ್ಲ. ಚೆನ್ನಾಗೇ ಇದೆ ಅಂದ್ಕೊಂಡೆ." ಅತ್ತೆಯ ದನಿ ಒಡೆಯಿತು. "ನನ್ನ ಮಗನಿಗೆ ನಾನೇ ಬಡಿಸಿಬಿಟ್ಟೆ."

ಹೆಗಲಿನ ಬಟ್ಟೆಯಿಂದ ಕಣ್ಣೊರೆಸಿಕೊಂಡು ಅವಳೇ ಹೇಳಿದಳು:

"ಸೊಪ್ಪು ತರಕಾರಿ ಕೊಳೆತ್ರೆ ಕಣ್ಣಿಗಾದ್ರೂ ಕಾಣುತ್ತೆ ಕಣೇ."